ಭೋಂಗಾದ ಮರೆಯಲ್ಲಿ ಒಂದು ದನಿ

ನನ್ನ ಗಂಟಲಿನ ಬಗ್ಗೆ ನನಗೆ ಯಾವತ್ತೂ ನಾಚಿಕೆಯಾಗಿಲ್ಲ. ಮುಂಡಗೋಡ ತಾಲೂಕಿನ ಚಿಗಳ್ಳಿಯಲ್ಲಿ ಬೆಳೆದವಳು ನಾನು. ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ ಹೊಲದ ಅಟ್ಟಣಿಗೆಯ ಮೇಲೆ ಕಾವಲಿಗೆ ನನ್ನನ್ನೇ ಕೂರಿಸುತ್ತಿದ್ದರು. ಗಿಳಿ ಬಂದರೆ ಒಂದು ಕೂಗು, ಮಂಗ ಬಂದರೆ ಇನ್ನೊಂದು, ಹಂದಿ ಬಂತೆಂದರೆ ಆಚೆಯ ಹೊಲದವರೂ ಎದ್ದು ನಿಲ್ಲುವಂಥದ್ದು. ಅಣ್ಣಂದಿರು ತಗಡು ಬಡಿದು ಓಡಿಸುತ್ತಿದ್ದರು. ನನಗೆ ತಗಡು ಬೇಕಾಗುತ್ತಿರಲಿಲ್ಲ. ಮುಂದೆ ಕರಾಟೆಗೆ ಸೇರಿದಾಗ, ಏಟು ಬೀಸುವಾಗ ಹೊಟ್ಟೆಯಿಂದ ಎಬ್ಬಿಸಬೇಕಾದ ಕೂಗು ಇದೆಯಲ್ಲ, ನಾವು 'ಕಿಯಾ' ಎನ್ನುತ್ತೇವೆ, ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಗುರುಗಳು ಮೊದಲ ದಿನವೇ ಕಿವಿಗೆ ಬೆರಳಿಟ್ಟುಕೊಂಡು, "ಸ್ವಲ್ಪ ಕಡಿಮಿ ಮಾಡವ್ವಾ, ಗ್ವಾಡಿ ಬೀಳತಾವ" ಅಂದಿದ್ದರು.

ಈಗ ದಾಂಡೇಲಿಯಲ್ಲಿದ್ದೇನೆ. ಹಗಲಿಗೆ ಒಂದು ಶಾಲೆಯಲ್ಲಿ ಆಟದ ಟೀಚರು. ಬೆಳಗಿನ ಐದೂವರೆಗೆ ಕಾಗದ ಕಾರ್ಖಾನೆಯವರ ಮನೆಗಳ ಹತ್ತಿರವಿರುವ ಹಳೆಯ ಸಭಾಭವನವೊಂದರಲ್ಲಿ ಮಕ್ಕಳಿಗೆ ಕರಾಟೆ ಕಲಿಸುತ್ತೇನೆ. ಕಾರ್ಖಾನೆಗೆ ಇಲ್ಲಿ ಎಲ್ಲರೂ 'ಮಿಲ್ಲು' ಅಂತಲೇ ಅನ್ನುವುದು. ಮಿಲ್ಲಿನವರ ಮಕ್ಕಳು ಬರುತ್ತಾರೆ, ಅಂಬಿಕಾನಗರದ ಕ್ವಾರ್ಟರ್ಸಿನಿಂದ ಅಪ್ಪನ ಬೈಕಿನ ಹಿಂದೆ ತೂಕಡಿಸುತ್ತ ಕೆಲವರು ಬರುತ್ತಾರೆ, ಹಳಿಯಾಳ ಕಡೆಯ ಸಿದ್ದಿ ಜನಾಂಗದ ಹುಡುಗಿಯೊಬ್ಬಳು ಇಲ್ಲಿಯ ಸೋದರತ್ತೆಯ ಮನೆಯಿಂದ ಓಡುತ್ತಲೇ ಬರುತ್ತಾಳೆ. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎಂದು ಕರೆಯುವ ರೂಢಿ. ಎದುರಿಗೆ ನಾನು ಎಲ್ಲರಿಗೂ ಅಕ್ಕೋರು. ಬೆನ್ನ ಹಿಂದೆ ಏನೆನ್ನುತ್ತಾರೋ ನಾನು ವಿಚಾರಿಸಲು ಹೋಗಿಲ್ಲ. ನಾನು ಸಿಟ್ಟಿನವಳು. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತೇನೆ. 'ನಮ್ಮ ಮಗು ಬಹಳ ಸೂಕ್ಷ್ಮ ರೀ' ಎಂದು ಶುರುಮಾಡುವ ತಾಯಂದಿರನ್ನು ಕಂಡರೆ ನನ್ನ ಹುಬ್ಬು ತಾನಾಗಿಯೇ ಮೇಲೇರುತ್ತದೆ.

ಒಂದು ಬೆಳಿಗ್ಗೆ ಬಂದ ತಾಯಿಯೊಬ್ಬಳು ಹಾಗೆ ಶುರುಮಾಡಲಿಲ್ಲ. ಮೂರನೇ ತರಗತಿಯ ಮಗಳ ಭುಜ ಹಿಡಿದು ಮುಂದೆ ನಿಲ್ಲಿಸಿ ನೇರ ವಿಷಯಕ್ಕೇ ಬಂದಳು. ಹಿಂದಿನ ವಾರ ಶಾಲೆಯವರು ಮಕ್ಕಳನ್ನು ಮುಂಡಗೋಡದ ಟಿಬೆಟನ್ ಕಾಲೊನಿಗೆ ಕರೆದುಕೊಂಡು ಹೋಗಿದ್ದರಂತೆ. ಮಠ ನೋಡಿ ಎಲ್ಲರೂ ಬಸ್ಸು ಹತ್ತುವಾಗ ಈ ಹುಡುಗಿ ಶೌಚಾಲಯದಲ್ಲಿದ್ದಳು. ಹೊರಗೆ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಹಿಂದೆಯೇ ಓಡಿದಳು. ಬಸ್ಸಿನ್ನೂ ನಿಧಾನವಾಗಿ ತಿರುಗುತ್ತಿತ್ತು, ಕಿಟಕಿಗಳೆಲ್ಲ ತೆರೆದಿದ್ದವು, ಒಂದು ಸಲ ಕೂಗಿದ್ದರೆ ಸಾಕಿತ್ತು. ಕೂಗಲಿಲ್ಲ. ಓಡುವಷ್ಟು ಓಡಿ ರಸ್ತೆಯ ನಡುವೆ ನಿಂತುಬಿಟ್ಟಳು. ಸ್ವೆಟರ್ ಮಾರುವ ಟಿಬೆಟನ್ ಅಜ್ಜಿಯೊಬ್ಬಳು ಅಂಗಡಿಯೊಳಗೆ ಕರೆದು, ಚಹಾ ಕೊಟ್ಟು, ಬಸ್ಸು ಅರ್ಧ ದಾರಿಯಿಂದ ತಿರುಗಿ ಬರುವವರೆಗೂ ಇವಳ ಕೈ ಬಿಡದೆ ಕೂತಿದ್ದಳಂತೆ.

"ಅಕ್ಕೋರ, ಹೊಡಿಯೂದು ಬಡಿಯೂದು ಏನೂ ಬ್ಯಾಡ್ರಿ ಈಕಿಗೆ. ಒದರೂದೊಂದು ಕಲಿಸಿಕೊಡ್ರಿ ಸಾಕು," ಅಂದಳು ತಾಯಿ. "ಇವತ್ತು ಬಸ್ಸು ಹೊಳ್ಳಿ ಬಂತು. ನಾಳೆ ಏನಾರ ಆದ್ರ ಯಾರು ಹೊಳ್ಳಿ ಬರ್ತಾರ್ರೀ?"

ನನಗೆ ನಗು ಬಂತು. ಒದರುವುದನ್ನು ಕಲಿಸಲು ಕೇಳಿಕೊಂಡು ಇಷ್ಟು ವರ್ಷದಲ್ಲಿ ಯಾರೂ ನನ್ನ ಹತ್ತಿರ ಬಂದಿರಲಿಲ್ಲ, ಮತ್ತು ಅದರಲ್ಲಿ ನನ್ನನ್ನು ಮೀರಿಸುವವರು ಈ ಜಿಲ್ಲೆಯಲ್ಲಿ ಇದ್ದಂತಿರಲಿಲ್ಲ. "ಬಿಟ್ಟು ಹೋಗ್ರಿ," ಅಂದೆ. "ಮುಂದ ನೀವ ಬಂದು, ಬಾಯಿ ಮುಚ್ಚಸ್ರಿ ಅಂತ ಕೇಳ್ಕೋತೀರಿ." ಹುಡುಗಿ ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ನೆಲ ನೋಡಿದಳು.

ಕಲಿಯುವುದರಲ್ಲಿ ಅವಳು ಚುರುಕು. ಒದೆಯುವ ಕಾಲು ನೆಟ್ಟಗೆ ಏಳುತ್ತಿತ್ತು, ತಡೆಯುವ ಕೈ ಸರಿಯಾದ ಹೊತ್ತಿಗೆ ಬರುತ್ತಿತ್ತು. ಒಮ್ಮೆ ತೋರಿಸಿದ್ದನ್ನು ಎರಡನೇ ಸಲ ತೋರಿಸಬೇಕಾಗುತ್ತಿರಲಿಲ್ಲ. ಆದರೆ ಕೂಗಬೇಕಾದ ಜಾಗ ಬಂದಾಗ ಬಾಯಿ ತೆರೆಯುತ್ತಿತ್ತು, ಗಾಳಿ ಹೋದ ಸೈಕಲ್ ಟೈರಿನ ಹಾಗೆ 'ಹ್ಹ' ಎಂಬುದೊಂದು ಹೊರಬರುತ್ತಿತ್ತು, ಅಷ್ಟೇ. ಮಕ್ಕಳು ಕಿಸಕ್ಕನೆ ನಕ್ಕರೆ ನಾನು ಕಣ್ಣು ಬಿಡುತ್ತಿದ್ದೆ. ಅವರು ಸುಮ್ಮನಾಗುತ್ತಿದ್ದರು. ಇವಳು ಮೊದಲೇ ಸುಮ್ಮನಿರುತ್ತಿದ್ದಳು.

ನನಗೆ ತಿಳಿದ ಎಲ್ಲ ಉಪಾಯ ಮಾಡಿದೆ. ಎದುರು ನಿಂತು ಕೂಗಿ ತೋರಿಸಿದೆ. ಹೊಟ್ಟೆಯ ಮೇಲೆ ಕೈಯಿಟ್ಟು ಇಲ್ಲಿಂದ ಬರಬೇಕು ಎಂದೆ. "ನಿನಗ ಯಾರ ಮ್ಯಾಲೆ ಭಾಳ ಸಿಟ್ಟು ಐತಿ, ಅವರನ್ನ ನೆನೆಸಿಕೊ" ಎಂದೆ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿ, "ಯಾರೂ ಇಲ್ರಿ ಅಕ್ಕೋರ" ಅಂದಳು. ನನ್ನ ಪಟ್ಟಿಯಾದರೆ ಎಷ್ಟು ಉದ್ದವಿತ್ತು! ಒಂದು ಭಾನುವಾರ ಎಲ್ಲರನ್ನೂ ಕಾಳಿ ನದಿಯ ದಡಕ್ಕೆ ಕರೆದುಕೊಂಡು ಹೋಗಿ, ಆಚೆ ದಡಕ್ಕೆ ಕೇಳಿಸುವ ಹಾಗೆ ಕೂಗಿ ಎಂದೆ. ಮಕ್ಕಳು ಕೂಗಿದ ರಭಸಕ್ಕೆ ಮರದ ಮೇಲಿದ್ದ ಮಂಗಟ್ಟೆ ಹಕ್ಕಿಗಳು ದೊಡ್ಡ ರೆಕ್ಕೆ ಬಡಿಯುತ್ತ ಎದ್ದು ಹೋದವು. ಈ ಹುಡುಗಿ ಮಾತ್ರ ಬಾಯಿಗೆ ಅಂಗೈ ಒತ್ತಿಕೊಂಡು ಅತ್ತಿತ್ತ ನೋಡುತ್ತಿದ್ದಳು. ಆ ಕಾಡಿನಲ್ಲಿ ಯಾರೋ ಮಲಗಿದ್ದಾರೆ, ಎದ್ದುಬಿಡುತ್ತಾರೆ ಎನ್ನುವ ಹಾಗಿತ್ತು ಅವಳ ಮುಖ. ಅಷ್ಟು ಸ್ಪಷ್ಟವಾಗಿ ಕಂಡರೂ ನನಗೆ ಆಗ ಹೊಳೆಯಲಿಲ್ಲ. "ಇಷ್ಟು ಹೆದರಿಕಿ ಇಟ್ಕೊಂಡು ಹೆಂಗ ಬದಕ್ತಿ?" ಎಂದು ಗದರಿದೆ.

ಸಿದ್ದಿ ಹುಡುಗಿ ಇವಳ ಜೋಡಿಯಾಗಿ ಅಭ್ಯಾಸ ಮಾಡುತ್ತಿದ್ದಳು. ಅವಳ ಮನೆಯಲ್ಲಿ ಎಲ್ಲರೂ ಹಳಿಯಾಳದ ಕುಸ್ತಿ ಮಣ್ಣಲ್ಲಿ ಬಿದ್ದೆದ್ದವರು. ಎದುರಾಳಿಯ ಅಳತೆ ಅವಳಿಗೆ ಚೆನ್ನಾಗಿ ಗೊತ್ತು. ನದಿಯಿಂದ ತಿರುಗಿ ಬರುವಾಗ ನನ್ನ ಪಕ್ಕಕ್ಕೆ ಬಂದಳು. "ಅಕ್ಕೋರ, ಈಕಿ ಹೆದರೂದಿಲ್ರಿ. ನಾ ಮ್ಯಾಲೆ ಹೋದ್ರ ಹಿಂದ ಸರಿಯಂಗಿಲ್ಲ, ಮುಂದಕ್ಕ ಬರ್ತಾಳ. ಹೆದರಿದವರು ಮುಂದ ಬರ್ತಾರೇನ್ರಿ?" ಅಂದಳು. ಆ ಮಾತು ನನ್ನ ತಲೆಯಲ್ಲಿ ಕೂತಿತು.

ಮುಂದಿನ ವಾರ ಹುಡುಗಿ ತನ್ನ ಕರಾಟೆಯ ಬಿಳಿ ಅಂಗಿಯನ್ನು ಸಭಾಭವನದಲ್ಲೇ ಬಿಟ್ಟು ಹೋದಳು. ಶಾಲೆಗೆ ರಜೆಯಿದ್ದ ದಿನ, ಹತ್ತು ಗಂಟೆಯ ಸುಮಾರಿಗೆ ಅದನ್ನು ಕೊಡಲು ಅವಳ ಮನೆ ಹುಡುಕಿಕೊಂಡು ಹೋದೆ. ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ಹತ್ತಿದ ಸಣ್ಣ ಮನೆಗಳು. ಮನೆಯ ಮುಂದೆ ನಿಂತು, ನನ್ನ ಅಭ್ಯಾಸದಂತೆ, "ಯಾರದೀರೇನ್ರೀ ಮನ್ಯಾಗ?" ಎಂದೆ.

ಸಾಲಿನ ಬಾಗಿಲುಗಳೆಲ್ಲ ಒಮ್ಮೆಗೇ ತೆರೆದುಕೊಂಡವು. ಪ್ರತಿ ಬಾಗಿಲಲ್ಲೂ ಒಬ್ಬ ಹೆಂಗಸು, ಪ್ರತಿ ಹೆಂಗಸಿನ ತುಟಿಯ ಮೇಲೂ ಒಂದು ಬೆರಳು. ತಳ್ಳುಗಾಡಿಯ ತರಕಾರಿಯವನೂ ನನ್ನತ್ತ ತಿರುಗಿ ಬೆರಳಿಟ್ಟ. ಆಮೇಲೆ ಅವನೇ ಅವಳ ಮನೆಯ ಬಾಗಿಲಿನ ಚಿಲಕ ತೋರಿಸಿದ. ಚಿಲಕಕ್ಕೆ ಒಂದು ಪಂಚೆಯ ತುಂಡು ಕಟ್ಟಿದ್ದರು. ಅಂದರೆ ಒಳಗೆ ರಾತ್ರಿ ಪಾಳಿ ಮುಗಿಸಿ ಬಂದವರು ಮಲಗಿದ್ದಾರೆ ಎಂದರ್ಥ. ಆ ಸಾಲಿನಲ್ಲಿ ಅಲ್ಲಲ್ಲಿ ಅಂಥ ಬಟ್ಟೆಗಳು ಕಂಡವು. ಪಾಳಿ ವಾರವಾರ ಬದಲಾಗುವುದರಿಂದ ಈ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ, ಅಲ್ಲೂ ಇಲ್ಲದಿದ್ದರೆ ಅದರಾಚೆ, ಯಾರಾದರೊಬ್ಬರು ಹಗಲು ಮಲಗಿಯೇ ಇರುತ್ತಾರೆ.

ತಾಯಿ ನನ್ನ ಕೈ ಹಿಡಿದು ಅಡುಗೆಮನೆಯ ಮೂಲಕ ಹಿತ್ತಲಿಗೆ ಕರೆದೊಯ್ದಳು. ಆ ಮನೆಯನ್ನು ನಾನು ಮರೆಯಲಾರೆ. ಅಡುಗೆಮನೆ ಬಿಟ್ಟರೆ ಇದ್ದದ್ದೇ ಒಂದು ಕೋಣೆ, ಅದರಲ್ಲಿ ಗಂಡ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದ. ಒಲೆಯ ಮೇಲೆ ಕುಕ್ಕರು. ಸೀಟಿ ಹೊಡೆಯುವ ಮುನ್ನವೇ ಅವಳು ಒಲೆ ಆರಿಸಿದಳು. ಕೈ ಅದನ್ನು ತಾನಾಗಿಯೇ ಮಾಡಿತು, ಅವಳು ಆ ಕಡೆ ನೋಡಲೂ ಇಲ್ಲ. ನಲ್ಲಿಯ ಬಾಯಿಗೆ ಬಟ್ಟೆ ಸುತ್ತಿತ್ತು, ಬಕೆಟ್ಟಿಗೆ ನೀರು ಬಿದ್ದರೆ ಸದ್ದಾಗಬಾರದು. ಹುಡುಗಿ ಮೂಲೆಯಲ್ಲಿ ಕೂತು ತಿನ್ನುತ್ತಿದ್ದಳು. ಅವ್ವನ ಕಡೆ ನೋಡಿ ಒಂದು ಬೆರಳನ್ನು ಅರ್ಧಕ್ಕೆ ಮಡಚಿ ತೋರಿಸಿ, ಆಮೇಲೆ ಹೆಬ್ಬೆರಳು ನೆಕ್ಕುವ ಹಾಗೆ ಮಾಡಿದಳು. ತಾಯಿ ಅರ್ಧ ರೊಟ್ಟಿ, ಸ್ವಲ್ಪ ಚಟ್ನಿ ತಂದು ಹಾಕಿದಳು. ಅಷ್ಟು ಚಂದದ ಮೂಕ ಸಂಸಾರವನ್ನು ನಾನು ಎಲ್ಲೂ ನೋಡಿಲ್ಲ.

ಹಿತ್ತಲಲ್ಲಿ ನಿಂತು ಪಿಸುಗುಟ್ಟಿದೆ. ಪಿಸುಗುಟ್ಟುವುದು ನನಗೆ ಎಷ್ಟು ಕಷ್ಟ ಎಂಬುದು ಅವತ್ತು ಗೊತ್ತಾಯಿತು. "ಅಲ್ರೀ ತಂಗಿ, ಹುಟ್ಟಿದಾಗಿಂದ ನೀವ ಈಕಿ ಬಾಯಿಗೆ ಕೀಲಿ ಹಾಕೀರಿ. ಈಗ ನನ್ನ ಕಡೆ ತಂದು ತಗೀರಿ ಅಂತೀರಿ."

ಅವಳ ಕಣ್ಣು ತುಂಬಿತು, ಆದರೆ ಪಿಸುಮಾತು ದೃಢವಾಗಿಯೇ ಇತ್ತು. "ಅಕ್ಕೋರ, ಕಾಗದ ಸುತ್ತೂ ರೋಲರ್ ಮುಂದ ನಿಲ್ತಾರ್ರಿ ಅವರು. ರಾತ್ರಿ ಒಮ್ಮಿ ಕಣ್ಣು ಜೋಲಿ ಹೊಡೀತಂದ್ರ ಕೈ ಹೋತು. ನಿದ್ದಿ ಕೆಡಸ್ಬ್ಯಾಡ, ಅಪ್ಪನ ಕೈ ಹೋಗ್ತೈತಿ ಅಂತ ಸಣ್ಣಾಕಿ ಇದ್ದಾಗಿಂದ ಹೇಳ್ಕೋತ ಬಂದೀನ್ರಿ. ಮತ್ತ ಹೆಂಗ ಹೇಳಬೇಕಿತ್ತ್ರಿ?"

ಬೈಯಲು ಯಾರೂ ಸಿಗದೆ ಹೋದರೆ ಸಿಟ್ಟಿನವರ ಪಾಡು ಬಹಳ ಕೆಟ್ಟದ್ದು. ಅಂಗಿ ಕೊಟ್ಟು, ತುದಿಗಾಲಲ್ಲಿ ನಡೆದು ಹೊರಗೆ ಬಂದೆ. ದಾರಿಯಲ್ಲಿ ಎಲ್ಲ ಹೊಳೆಯಿತು. ನಾನು ಹೆದರಿಕೆ ಅಂದುಕೊಂಡದ್ದು ಹೆದರಿಕೆಯಾಗಿರಲಿಲ್ಲ. ಅಪ್ಪನ ಎರಡು ಕೈಗಳನ್ನು ಆ ಮಗು ತನ್ನ ಗಂಟಲಲ್ಲಿ ಹಿಡಿದಿಟ್ಟುಕೊಂಡಿತ್ತು. ಬಸ್ಸಿನ ಹಿಂದೆ ಓಡುವಾಗಲೂ ಬಿಡಲಿಲ್ಲ. ಅಂಥದ್ದನ್ನು ಬಲವಂತವಾಗಿ ಬಿಡಿಸಲು ನಾನು ಯಾರು? ಆದರೆ ತಾಯಿ ಕೇಳಿದ್ದೂ ನ್ಯಾಯವೇ. ನಾಳೆ ಬಸ್ಸು ತಿರುಗಿ ಬರಲಿಕ್ಕಿಲ್ಲ.

ದಾರಿ ತೋರಿಸಿದ್ದು ಹುಡುಗಿಯೇ. ಮಿಲ್ಲಿನ ಸೈರನ್ನಿಗೆ ಇಲ್ಲಿ ಭೋಂಗಾ ಅನ್ನುತ್ತಾರೆ. ಪಾಳಿ ಬದಲಾಗುವಾಗ ಅದು ಕೂಗುತ್ತದೆ, ಬೆಳಗಿನ ಆರಕ್ಕೆ ಸರಿಯಾಗಿ ನಮ್ಮ ಕ್ಲಾಸಿನ ನಟ್ಟನಡುವೆ. ಊರಲ್ಲಿ ನನ್ನ ಗಂಟಲನ್ನು ಸೋಲಿಸುವುದು ಅದೊಂದೇ. ಆಗ ಏನು ಹೇಳಿದರೂ ಯಾರಿಗೂ ಕೇಳುವುದಿಲ್ಲವೆಂದು ನಾನು ಪಾಠ ನಿಲ್ಲಿಸಿ ಸೊಂಟಕ್ಕೆ ಕೈಯಿಟ್ಟು ಕಾಯುತ್ತೇನೆ. ಮುಂದೊಂದು ದಿನ ಹಾಗೆ ಕಾಯುತ್ತಿದ್ದಾಗ ಕೊನೆಯ ಸಾಲಿನಲ್ಲಿ ನಿಂತಿದ್ದ ಇವಳ ಮೇಲೆ ಕಣ್ಣು ಬಿತ್ತು. ಬಾಯಿ ಪೂರ್ತಿ ತೆರೆದಿತ್ತು. ಕುತ್ತಿಗೆಯ ನರ ಉಬ್ಬಿತ್ತು. ಹತ್ತಿರ ಹೋದೆ. ಕಿವಿಯೊಡ್ಡಿದರೆ ಭೋಂಗಾ ಬಿಟ್ಟು ಏನೂ ಕೇಳಿಸಲಿಲ್ಲ. ಅವಳ ಬೆನ್ನಿಗೆ ಅಂಗೈ ಇಟ್ಟೆ. ಬೆನ್ನು ಗುಂಯ್ ಎನ್ನುತ್ತಿತ್ತು. ಹುಡುಗಿ ಕೂಗುತ್ತಿದ್ದಳು, ನನ್ನ ಅಟ್ಟಣಿಗೆಯ ಕಾಲದ ಕೂಗಿನ ಹಾಗೆ, ಹೊಟ್ಟೆಯ ತಳದಿಂದ.

ಭೋಂಗಾ ಇಳಿಯುವ ಮೊದಲೇ ಅವಳು ಬಾಯಿ ಮುಚ್ಚಿದಳು. ಯಾವಾಗ ಇಳಿಯುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. "ದಿನಾ ಒದರ್ತಿಯೇನ?" ಎಂದು ಕಿವಿಯ ಹತ್ತಿರ ಕೇಳಿದೆ. ಹೂಂ ಎಂದು ತಲೆಯಾಡಿಸಿದಳು. "ಭೋಂಗಾ ಆಗೂವಾಗ ಯಾರೂ ಮಲಗಿರಂಗಿಲ್ಲಲ್ರಿ" ಅಂದಳು. ಇಷ್ಟು ದಿನ ನಾನು ಅವಳಿಗೆ ಕೂಗು ಕಲಿಸುತ್ತಿದ್ದೇನೆಂದು ತಿಳಿದಿದ್ದೆ. ಅವಳ ಹತ್ತಿರ ಅದು ಮೊದಲಿನಿಂದಲೂ ಇತ್ತು, ಬೆಳಗಾದರೆ ಅಭ್ಯಾಸವೂ ಆಗುತ್ತಿತ್ತು.

ಮರುದಿನದಿಂದ ನಿಯಮ ಬದಲಾಯಿಸಿದೆ. ಭೋಂಗಾ ಆದಾಗ ಎಲ್ಲರೂ ಕಾಲು ಊರಿ ನಿಂತು ಅದರ ಜೊತೆ ಕೂಗಬೇಕು, ಅದು ನಿಲ್ಲುವವರೆಗೂ ನಿಲ್ಲಿಸಬಾರದು. ಮಕ್ಕಳಿಗೆ ಹಬ್ಬವಾಯಿತು. ಕೆಲವು ದಿನ ಹಾಗೆ ಬಿಟ್ಟು, ಇವಳೊಬ್ಬಳಿಗೇ ಹೇಳಿದೆ: "ಅದು ನಿಂತ ಮ್ಯಾಲೆ ಒಂದ ಉಸಿರು ಜಾಸ್ತಿ. ಅಷ್ಟ. ಅದಕ್ಕಿಂತ ಹೆಚ್ಚು ನಾ ಕೇಳಂಗಿಲ್ಲ." ಮೊದಮೊದಲು ಆಗಲಿಲ್ಲ. ಭೋಂಗಾದ ಬಾಲ ಇಳಿಯುತ್ತಿದ್ದ ಹಾಗೆ ಇವಳ ದನಿಯೂ ಜಾರುತ್ತಿತ್ತು. ನಾನು ಗದರಲಿಲ್ಲ. ಗದರದೆ ಇರುವುದು ನನಗೆ ಯಾವ ಬೆಲ್ಟಿನ ಪರೀಕ್ಷೆಗಿಂತಲೂ ಕಷ್ಟದ್ದು, ಅದನ್ನೂ ಪಾಸು ಮಾಡಿದೆ.

ಒಂದು ಬೆಳಿಗ್ಗೆ ಭೋಂಗಾ ಎಂದಿಗಿಂತ ಬೇಗ ನಿಂತುಬಿಟ್ಟಿತು. ಮಕ್ಕಳೆಲ್ಲ ಅದರ ಜೊತೆಗೇ ನಿಂತರು. ಸಭಾಭವನದಲ್ಲಿ ಒಂದು ದನಿ ಮಾತ್ರ ಉಳಿಯಿತು. ತೆಳ್ಳಗಿನ, ಕೀರಲು ದನಿಯನ್ನು ನಿರೀಕ್ಷಿಸಿದ್ದೆ. ಅದು ದಪ್ಪನೆಯ, ತುಂಬು ದನಿ. ಗೋಡೆಗೆ ಬಡಿದು ತಿರುಗಿ ಬಂತು. ಅವಳು ಗಾಬರಿಯಿಂದ ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು. "ಎಲ್ಲಿ ಇಟ್ಟಿದ್ದೆಲೇ ಇದನ್ನ ಇಷ್ಟು ದಿನ!" ಎಂದು ಸಿದ್ದಿ ಹುಡುಗಿ ಅವಳನ್ನು ಎತ್ತಿ ತಿರುಗಿಸಿಬಿಟ್ಟಳು. ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಶಿಸ್ತಿನ ಪ್ರಶ್ನೆ, ಕುಣಿಯಲಿಲ್ಲ.

ಅಲ್ಲಿಂದ ಮುಂದೆ ಭೋಂಗಾ ಇಲ್ಲದೆಯೂ ಕೂಗು ಬರತೊಡಗಿತು. ಶಾಲೆಯ ಟೆಂಪೋದಲ್ಲಿ ಅವಳ ಜಾಗ ಕಸಿಯುತ್ತಿದ್ದ ಹುಡುಗಿಗೆ "ಏಳು, ಇದು ನಂದು" ಅಂದಳಂತೆ. ತಾಯಿ ಬಂದು ಹೇಳಿ ಹೋದಳು. ಮನೆಯಲ್ಲಿ ಕೂಗು ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಅಲ್ಲಿ ಸುಮ್ಮನಿರುವುದು ಆ ಮನೆಯ ಪ್ರೀತಿ, ಅದರಲ್ಲಿ ನನ್ನ ಕೈ ಬೇಡ. ಆದರೂ ಒಂದು ಅನುಮಾನ ನನ್ನನ್ನು ಬಿಡುತ್ತಿರಲಿಲ್ಲ. ಸುತ್ತಲಿನವರೆಲ್ಲ ಸುಮ್ಮನಿರು ಎಂದು ಕಣ್ಣಲ್ಲೇ ಹೇಳುತ್ತಿರುವಾಗ, ಕೂಗಲೇಬೇಕಾದ ಗಳಿಗೆ ಬಂದರೆ, ಆ ದನಿ ಬರುತ್ತದೆಯೇ? ಬಸ್ಸಿನ ಹಿಂದೆ ಬಾರದೆ ಹೋದದ್ದು ಅದೇ ಅಲ್ಲವೇ.

ಬೆಲ್ಟ್ ಪರೀಕ್ಷೆ ಒಂದು ಭಾನುವಾರ ಬೆಳಿಗ್ಗೆ ನಡೆಯಿತು. ಪರೀಕ್ಷಕರು ಹಳಿಯಾಳದಿಂದ ಬಂದಿದ್ದರು. ಬಹಳ ಕಟ್ಟುನಿಟ್ಟಿನ ಮನುಷ್ಯ. ಕೂಗಬೇಕಾದಲ್ಲಿ ಕೂಗದಿದ್ದರೆ ಬೆಲ್ಟ್ ಇಲ್ಲ, ಮುಂದಿನ ಸಲ ಬಾ, ಅಷ್ಟೇ ಅವರ ಮಾತು. ಮನೆಯವರೆಲ್ಲ ನೋಡಲು ಬಂದಿದ್ದರು. ಹುಡುಗಿಯ ಅಪ್ಪ ರಾತ್ರಿ ಪಾಳಿ ಮುಗಿಸಿ, ಮನೆಗೂ ಹೋಗದೆ, ಹೆಗಲಿಗೆ ಬುತ್ತಿಯ ಚೀಲ ಹಾಕಿಕೊಂಡೇ ಬಂದ. ಮೊದಲ ಸಾಲಿನ ಕುರ್ಚಿಯಲ್ಲಿ ಕೂತು ಮಗಳಿಗೆ ಕೈ ಬೀಸಿದ. ಅವಳ ಸರದಿ ಬರುವಷ್ಟರಲ್ಲಿ ಅವನ ಕತ್ತು ಎದೆಯ ಮೇಲೆ ವಾಲಿತ್ತು.

ಆಮೇಲೆ ನಡೆದದ್ದು ಮಿಲ್ಲಿನ ಊರಲ್ಲಿ ಮಾತ್ರ ನಡೆಯಲು ಸಾಧ್ಯ. ಅವನು ನಿದ್ದೆ ಹೋದದ್ದು ಕಂಡ ಕೂಡಲೇ ಸಭಾಭವನ ಪೂರ್ತಿ ದನಿ ತಗ್ಗಿಸಿತು. ತಾಯಂದಿರು ತುಟಿಗೆ ಬೆರಳಿಟ್ಟರು. ಓಡಾಡುತ್ತಿದ್ದ ಪುಟ್ಟ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದರು. ಯಾರೋ ಕಿರುಗುಟ್ಟುವ ಬಾಗಿಲಿಗೆ ಕಾಗದ ಮಡಚಿ ಸಿಕ್ಕಿಸಿದರು. ಪರೀಕ್ಷಕರು ಕೂಡ, ಅವರೂ ಒಂದು ಕಾಲಕ್ಕೆ ಮಿಲ್ಲಿನವರ ಮಗನೇ ಅಂತೆ, ಅವಳನ್ನು ಮೆಲ್ಲಗೆ ಕೈಸನ್ನೆ ಮಾಡಿ ಕರೆದರು. ಕೂಗು ಕೇಳಲು ಬಂದವರೆಲ್ಲ ಸೇರಿ ಕೂಗದಂತೆ ವ್ಯವಸ್ಥೆ ಮಾಡಿದ್ದರು. ನಾನು ರೇಗಬೇಕೆಂದು ಹೊರಟವಳು ತುದಿಗಾಲಲ್ಲಿ ನಡೆಯುತ್ತಿರುವುದು ನನಗೇ ಕಂಡಿತು.

ಹುಡುಗಿ ನಡುವೆ ಬಂದು ನಿಂತು ನಮಸ್ಕರಿಸಿದಳು. ಅವಳು ಮಾಡಬೇಕಾದ ವರಸೆಯಲ್ಲಿ ಕೂಗಬೇಕಾದ ಜಾಗ ಎರಡು. ಕೈಕಾಲು ಅಚ್ಚುಕಟ್ಟಾಗಿ ಓಡಿದವು. ಮೊದಲ ಜಾಗ ಬಂತು. ಬಾಯಿ ತೆರೆಯಿತು, ಕಣ್ಣು ಅಪ್ಪನ ಕಡೆ ಹೋಯಿತು, ಬಾಯಿ ಮುಚ್ಚಿತು. ಪರೀಕ್ಷಕರು ಪೆನ್ನು ಎತ್ತಿಕೊಂಡರು.

ಗೋಡೆಯ ಪಕ್ಕ ನಿಂತಿದ್ದ ತಾಯಿಯ ಬೆರಳು ಇನ್ನೂ ತುಟಿಯ ಮೇಲಿತ್ತು. ಅದು ಅವಳಿಗೂ ಆಗ ತಿಳಿಯಿತೇನೋ. ಬೇರೆಯವರ ಕೈ ನೋಡುವ ಹಾಗೆ ತನ್ನ ಕೈ ನೋಡಿಕೊಂಡು ಕೆಳಗಿಳಿಸಿ, ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಹುಡುಗಿ ಅದನ್ನು ನೋಡಿದಳು. ತಿರುಗಿದಳು, ಹೆಜ್ಜೆ ಮುಂದಿಟ್ಟಳು, ಕುರ್ಚಿಯಿಂದ ಜೋತುಬಿದ್ದಿದ್ದ ಅಪ್ಪನ ಕೈಗಳ ಎದುರಿಗೇ ಬಂದು ಕಾಲೂರಿ ಕೊನೆಯ ಏಟು ಬೀಸಿದಳು. ಕೂಗು ಬಂತು. ನೆಲದಿಂದ ಎದ್ದ ಹಾಗೆ ಬಂತು.

ಅಪ್ಪ ದಡಕ್ಕನೆ ಎದ್ದು ನಿಂತ. ಕಣ್ಣು ಪೂರ್ತಿ ಬಿಟ್ಟಿರಲಿಲ್ಲ, ಆಗಲೇ ಚೀಲ ಹೆಗಲಿಗೇರಿಸಿ ಕಾಲಲ್ಲಿ ಚಪ್ಪಲಿ ತಡಕುತ್ತಿದ್ದ. "ಭೋಂಗಾ ಆತೇನ? ಆತೇನ?" ಎಂದ.

ಹುಡುಗಿ ನಿಂತ ಭಂಗಿ ಬಿಡಲಿಲ್ಲ, ಮುಷ್ಟಿ ಇಳಿಸಲಿಲ್ಲ, ದನಿಯನ್ನೂ ಇಳಿಸಲಿಲ್ಲ.

"ಭೋಂಗಾ ಅಲ್ಲಪ್ಪಾ. ನಾ."

ಅವನು ಮಗಳನ್ನೇ ನೋಡುತ್ತ ನಿಂತ. ಸಭಾಭವನದಲ್ಲಿ ಮೊದಲು ಒಬ್ಬರು, ಆಮೇಲೆ ಎಲ್ಲರೂ ನಕ್ಕರು. ಪರೀಕ್ಷಕರು ಪೆನ್ನು ಕೆಳಗಿಟ್ಟು, ಮೊದಲಿನಿಂದ ಮಾಡು ಎಂದು ಸನ್ನೆ ಮಾಡಿದರು. ಅಪ್ಪ ಚೀಲ ಕೆಳಗಿಟ್ಟು, ಎರಡೂ ಅಂಗೈಯಿಂದ ಮುಖ ಒರೆಸಿಕೊಂಡು ಮತ್ತೆ ಕೂತ.

"ಇನ್ನೊಮ್ಮಿ ಒದರವ್ವಾ," ಅಂದ. "ಈಗ ಎಚ್ಚರ ಅದೇನಿ, ಕೇಳ್ತೇನಿ."